ಉಳಿದವರ ವೀಳ್ಯ

ಲಕ್ಕಣ್ಣನ ವಠಾರದಲ್ಲಿ ಮನೆ ಬೇಕೆಂದರೆ ಮೊದಲು ಬೈಸಿಕೊಳ್ಳಬೇಕಿತ್ತು. ಹಲ್ಲುಗಿಂಜಿ ಕೈಮುಗಿದು "ನಿಮ್ಮಂಥ ದೊಡ್ಡ ಮನಸ್ಸಿನವರು" ಎಂದು ರಾಗ ಎಳೆದವರನ್ನು ಅವನು ಗೇಟಿನಿಂದಲೇ ಓಡಿಸುತ್ತಿದ್ದ. ಗಂಡ ಬಿಟ್ಟವಳು, ಜಾತಿ ಮೀರಿ ಮದುವೆಯಾದವರು, ಜೈಲಿನಿಂದ ಬಂದ ಮಗನನ್ನು ಕಟ್ಟಿಕೊಂಡು ಅಲೆಯುವ ಮುದುಕ, ಹೀಗೆ ಹೆಬ್ಬಾಳದಿಂದ ಆರ್.ಟಿ. ನಗರದವರೆಗೆ ಯಾರೂ ಮನೆ ಕೊಡದವರೆಲ್ಲ ಕೊನೆಗೆ ಇಲ್ಲಿಗೆ ಬರುತ್ತಿದ್ದರು. "ಗಂಡ ಬಿಟ್ನಾ? ಬಿಡ್ದೆ ಇನ್ನೇನ್ ಮಾಡ್ತಾನೆ, ನಿನ್ ಮೂತಿ ನೋಡ್ಕೊ" ಎನ್ನುತ್ತಲೇ ಲಕ್ಕಣ್ಣ ಬೀಗದಕೈ ಎಸೆಯುತ್ತಿದ್ದ. ಕೆಲವರ ಕನಿಕರ ಬೆಣ್ಣೆಯ ಹಾಗಿರುತ್ತದೆ. ಇವನದು ಹಲಸಿನ ಹಣ್ಣು. ಮುಳ್ಳು ಚುಚ್ಚಿಸಿಕೊಂಡು, ಅಂಟು ಮೆತ್ತಿಸಿಕೊಂಡು ತಿನ್ನಬೇಕು.

ಆ ವಠಾರ ಎದ್ದು ನಿಂತಿದ್ದ ನೆಲದ ಕಥೆಯೂ ಅಂಥದ್ದೇ. ಲಕ್ಕಣ್ಣನ ತಾಯಿ ಮುನಿವೆಂಕಟಮ್ಮ ಮದುವೆಯಾಗದೆ ಬಸುರಿಯಾದಾಗ ಅವಳಪ್ಪ ಚಿಕ್ಕಬೈರಪ್ಪ ಮಗಳನ್ನು ಬಾವಿಗೆ ನೂಕಲಿಲ್ಲ, ಅಷ್ಟು ಒಳ್ಳೆಯವನು. ಮನೆಯಲ್ಲೂ ಇಟ್ಟುಕೊಳ್ಳಲಿಲ್ಲ, ಅಷ್ಟೇ ಒಳ್ಳೆಯವನು. ಊರಾಚೆ ಹುರುಳಿಯೂ ಬೆಳೆಯದ ಕಲ್ಲುನೆಲವೊಂದಿತ್ತು, ಅಲ್ಲೊಂದು ಗುಡಿಸಲು ಹಾಕಿಸಿ "ಬದುಕ್ಕೋ ಓಗು" ಅಂದ. ಆಮೇಲೆ ಬೆಂಗಳೂರು ತಾನಾಗಿಯೇ ತೆವಳಿಕೊಂಡು ಬಂತು. ಸಂಜಯನಗರ ಎಂಬ ಹೆಸರು ಹುಟ್ಟಿತು, ರಸ್ತೆ ಬಂತು, ಬಸ್ಸು ಬಂತು. ಫಲವತ್ತಾದ ಗದ್ದೆ ಇಟ್ಟುಕೊಂಡಿದ್ದ ಅಣ್ಣತಮ್ಮಂದಿರ ನೆಲ ಕೆರೆಯ ಹಿಂದೆಯೇ ಉಳಿಯಿತು. ಕೆಟ್ಟವಳಿಗೆಂದು ಬಿಸಾಕಿದ ಕಲ್ಲುನೆಲ ರಸ್ತೆಗೆ ಮುಖ ಮಾಡಿ ನಿಂತಿತು. ಊರಿನವರಿಗೆ ಇದಕ್ಕಿಂತ ಹೊಟ್ಟೆಯುರಿ ಇನ್ನೊಂದಿರಲಿಲ್ಲ.

ಆದರೆ ರಸ್ತೆ ಬಂದರೂ ವೀಳ್ಯ ಬರಲಿಲ್ಲ.

ಆ ಊರಿನ ಮದುವೆಗಳಲ್ಲಿ ಒಂದು ಕ್ರಮವಿತ್ತು. ಧಾರೆ ಮುಗಿದ ಮೇಲೆ ಚಪ್ಪರದಡಿ ಹಿರಿಯನೊಬ್ಬ ನಿಂತು ವೀಳ್ಯ ಕೂಗುತ್ತಿದ್ದ. ಮೊದಲು ದೇವರ ವೀಳ್ಯ, ಆಮೇಲೆ ಗೌಡರ ವೀಳ್ಯ, ಆಮೇಲೆ ಮನೆಮನೆಯದು. "ದೊಡ್ಡಮುನಿಯಪ್ಪನ ಮಗ ಪಿಳ್ಳಣ್ಣನ ವೀಳ್ಯಾ!" ಎಂದರೆ ಪಿಳ್ಳಣ್ಣ ಎದ್ದು ಹೋಗಿ ಎರಡು ಕೈಯಲ್ಲಿ ಎಲೆ ಅಡಿಕೆ ಇಸಿದುಕೊಂಡು ಬರಬೇಕು. ಅಪ್ಪನ ಹೆಸರಿಲ್ಲದೆ ಕೂಗುವ ರೂಢಿ ಇರಲಿಲ್ಲ. ಹೆಂಗಸರ ಹೆಸರಂತೂ ಕೂಗುತ್ತಲೇ ಇರಲಿಲ್ಲ, ಅವರದ್ದು ಗಂಡನ ಕೈಯಲ್ಲಿ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಒಂದು ಹಿತ್ತಾಳೆ ತಟ್ಟೆಯನ್ನು ಚಪ್ಪರದ ಬಾಗಿಲಲ್ಲಿ, ಚಪ್ಪಲಿ ಬಿಡುವ ಕಡೆ ಇಟ್ಟು "ಉಳಿದವರ ವೀಳ್ಯಾ" ಅನ್ನುತ್ತಿದ್ದರು. ಅದು ಬಳೆಗಾರನಿಗೆ, ಬೇರೆ ಊರಿನ ಗಾಡಿ ಹೊಡೆಯುವವನಿಗೆ, ಊಟಕ್ಕೆ ಬಂದ ಭಿಕ್ಷುಕನಿಗೆ. ಹೆಸರು ಕೂಗುವುದಿಲ್ಲ, ಕೈಗೆ ಕೊಡುವುದಿಲ್ಲ, ಬಗ್ಗಿ ತಾವೇ ತಗೊಬೇಕು.

ಲಕ್ಕಣ್ಣ ಸಣ್ಣವನಿದ್ದಾಗ ಸೋದರಮಾವನ ಮದುವೆಯಲ್ಲಿ ತಾತನ ಪಕ್ಕ ಕೂತು, ತನ್ನ ಹೆಸರು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕಾದಿದ್ದ. ಕೊನೆಗೆ ಯಾರೋ ಹೆಗಲು ತಟ್ಟಿ ಬಾಗಿಲ ಕಡೆ ತೋರಿಸಿದರು. ತಾತ ನೆಲ ನೋಡಿದ. ಹುಡುಗ ಚಪ್ಪಲಿಗಳ ನಡುವೆ ಬಗ್ಗಿ ಎಲೆ ಎತ್ತಿಕೊಂಡ. ಅವತ್ತು ಅವನ ತಲೆಯಲ್ಲಿ ಎರಡು ಮಾತು ಬೇರು ಬಿಟ್ಟವು. ಅವ್ವನನ್ನು ಕೆಡಿಸಿ ಓಡಿಹೋದ ಆ ಬೇವಾರ್ಸಿಯ ಮುಖ ಕಂಡರೆ ಕತ್ತು ಮುರಿಯಬೇಕು ಎಂಬುದು ಒಂದು. ಪಾಪ ನನ್ನವ್ವ, ಮೋಸ ಹೋದವಳು, ಅವಳ ಕಣ್ಣಲ್ಲಿ ನೀರು ಬರಬಾರದು ಎಂಬುದು ಇನ್ನೊಂದು. ಅಪ್ಪನ ಬಗ್ಗೆ ಊರು ಹೇಳಿದ್ದಿಷ್ಟೇ: ಕೆರೆ ಏರಿ ಕಟ್ಟಲು ಬಂದ ಯಾವನೋ ಮೇಸ್ತ್ರಿ, ತಿಂದ, ಕೈ ತೊಳೆದ, ಹೋದ. ಅವ್ವ ಏನನ್ನೂ ಹೇಳಿರಲಿಲ್ಲ. ಲಕ್ಕಣ್ಣ ಕೇಳಿರಲಿಲ್ಲ. ಹುಣ್ಣನ್ನು ಕೆದಕಿ ಕೇಳುವುದೇನಿದೆ?

ಅಪ್ಪನ ಹೆಸರಿಲ್ಲದವನಿಗೆ ಹೆಣ್ಣನ್ನೂ ಯಾರೂ ಕೊಡಲಿಲ್ಲ. ತಲೆ ನರೆತರೂ ತಾಯಿ ಮಗ ಇಬ್ಬರೇ. ಅವ್ವನಿಗೆ ಹಲ್ಲು ಹೋದ ಮೇಲೆ ದಿನಾ ಊಟವಾದ ಮೇಲೆ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿ ಅವಳ ಅಂಗೈಗೆ ಹಾಕುವುದು ಲಕ್ಕಣ್ಣನ ಕೆಲಸ. ಜಗತ್ತಿನಲ್ಲಿ ಬೈಯದೆ ಅವನು ಮಾಡುತ್ತಿದ್ದ ಕೆಲಸ ಅದೊಂದೇ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ವಠಾರದ ಬಾವಿಕಟ್ಟೆಯಲ್ಲಿ ಜಗಳ ಹತ್ತಿತು.

ಗದಗಿನ ಕಡೆಯ ಕಾಶವ್ವ ಎಂಬ ವಿಧವೆ ಮೂಲೆಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಊರು ಬಿಟ್ಟು ಬಂದು ಫ್ಯಾಕ್ಟರಿಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಹುಡುಗರಿಗೆ ಅವಳ ರೊಟ್ಟಿಯೇ ತವರು. ಅವಳಿಗೆ ಗಂಗಾದೇವಿ ಎಂಬ ಒಬ್ಬಳೇ ಮಗಳು. ಯಶವಂತಪುರದ ಒಂದು ಸಣ್ಣ ರೇಡಿಯೋ ಕಾರ್ಖಾನೆಯಲ್ಲಿ ತಂತಿ ಬೆಸೆಯುವ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ, ನಡಿಗೆ ಜೋರು. ಅವಳ ಹೊಟ್ಟೆ ಸೆರಗಿನಡಿ ನಿಲ್ಲದಷ್ಟು ಮುಂದೆ ಬಂದ ದಿನ ಬಾವಿಕಟ್ಟೆಯ ಹೆಂಗಸರು ಹಗ್ಗ ಕಿತ್ತುಕೊಂಡರು.

"ಹಗ್ಗ ಮುಟ್ಟಬ್ಯಾಡ. ನಮ್ಮ ಮನಿಯಾಗ ಹೆಣ್ಣಮಕ್ಕಳದಾರ" ಎಂದಳು ವಠಾರದಲ್ಲೇ ಬಾಡಿಗೆಗಿದ್ದ ಪಂಚಪ್ಪನ ಹೆಂಡತಿ.

ಈ ಹೆಂಗಸಿನ ಕೈಕಾಲಿನ ಮೇಲೆ ತೊನ್ನು ಇತ್ತು. ಅದನ್ನು ಕಂಡು ಬಾಗಲಗುಂಟೆಯಲ್ಲಿ, ಹೆಬ್ಬಾಳದಲ್ಲಿ ಯಾರೂ ಮನೆ ಕೊಡದೆ, ಅವಳು ಮುಟ್ಟಿದ ಕೊಡವನ್ನು ತೊಳೆಸಿ ಕಳಿಸಿದ್ದರು. ಅಂಥವಳಿಗೆ ಬೈದು ಬಾಗಿಲು ತೆರೆದವನು ಲಕ್ಕಣ್ಣ. ಅಟ್ಟ ಹತ್ತಿದ ಮೇಲೆ ಏಣಿ ಒದೆಯುವುದು ಎಂದರೆ ಇದೇ ಇರಬೇಕು. ಗಂಗಾದೇವಿ ಹಗ್ಗಕ್ಕಾಗಿ ಜಗ್ಗಾಡಲಿಲ್ಲ. ಬರಿಗೊಡ ಸೊಂಟಕ್ಕಿಟ್ಟುಕೊಂಡು ಮನೆಗೆ ಹೋದಳು. ಅವಳು ಅತ್ತಿದ್ದರೆ ಆ ಹೆಂಗಸರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಸಂಜೆ ಪಂಚಪ್ಪ ನಾಲ್ಕು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಲಕ್ಕಣ್ಣನ ಜಗಲಿಗೆ ಬಂದ. ಅವನು ಕಾಲೇಜೊಂದರಲ್ಲಿ ಗುಮಾಸ್ತ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಸದಾ ಮಡಿಸಿದ ಪೇಪರು.

"ಲಕ್ಕಣ್ಣಾರ, ಮರ್ಯಾದಸ್ತರು ಇರೂ ಜಾಗ ಇದು. ಅವರನ್ನ ಬಿಡಸ್ರಿ."

"ಮರ್ಯಾದಸ್ತರಾ? ಯಾರಯ್ಯಾ ಅದು? ನನ್ ವಟಾರ್ದಾಗೆ ಅಂಥೋರ್ನ ನಾನ್ ಇಟ್ಟೇ ಇಲ್ವಲ್ಲ" ಎಂದ ಲಕ್ಕಣ್ಣ.

"ಚಾಷ್ಟಿ ಮಾಡಬ್ಯಾಡ್ರಿ. ಹುಟ್ಟೂ ಕೂಸಿಗೆ ಅಪ್ಪ ಅನ್ನಾಂವ ಬೇಕೋ ಬ್ಯಾಡೋ?"

ಆ ಮಾತು ಸರಿಯಾಗಿ ಗಾಯದ ಮೇಲೆ ಬಿತ್ತು. ಪಂಚಪ್ಪನಿಗೆ ಲಕ್ಕಣ್ಣನ ಹುಟ್ಟು ಗೊತ್ತಿತ್ತು. ಇಡೀ ವಠಾರಕ್ಕೆ ಗೊತ್ತಿತ್ತು. ಲಕ್ಕಣ್ಣನಿಗೆ ಚಪ್ಪರದ ಬಾಗಿಲಿನ ಹಿತ್ತಾಳೆ ತಟ್ಟೆ ಕಣ್ಣ ಮುಂದೆ ಬಂತು. "ಬೇಕು" ಎಂದ. "ಬೇಕೇ ಬೇಕು. ಯಾವನ್ ಅವನು ಅಂತ ನಾನ್ ಇಡ್ಕೊಂಡ್ ಬರ್ತೀನಿ. ಇದೇ ಅಂಗಳ್ದಾಗೆ ಮದ್ವೆಗೆ ಒಪ್ಪಿಗೆ ವೀಳ್ಯ ಮಾಡಿಸ್ತೀನಿ. ಆಮೇಲೆ ಒಬ್ರು ಉಸಿರೆತ್ತಿದ್ರೂ ನಾಲಿಗೆ ಕಿತ್ತಾಕ್ತೀನಿ."

"ಆಗದಿದ್ರ?"

"ಆಗ್ದಿದ್ರೆ ನಾನೇ ಅವರ ಸಾಮಾನು ಈಚೆಗೆ ಎತ್ತಿಡ್ತೀನಿ. ನಮ್ಮವ್ವನಾಣೆ."

ಒಳಗೆ ಅಕ್ಕಿ ಆರಿಸುತ್ತಿದ್ದ ಮುನಿವೆಂಕಟಮ್ಮನ ಕೈ ನಿಂತಿತು.

ಲಕ್ಕಣ್ಣ ನೇರ ಮೂಲೆಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಆ ಹುಡುಗಿಗೆ ಬಾಯಿಗೆ ಬಂದಂತೆ ಬೈದ. ತಾಯಿ ಒಲೆಯ ಮುಂದೆ ಬೇಯುತ್ತಾ ಸಾಕಿದ್ದು ಇದಕ್ಕೇನಾ ಎಂದ, ಕಣ್ಣು ಎಲ್ಲಿಟ್ಟಿದ್ದೆ ಎಂದ. ಇವಳ ವಯಸ್ಸಿನಲ್ಲಿ ಅವ್ವ ಹೀಗೇ ಗೋಡೆಗೆ ಒರಗಿ ನಿಂತಿದ್ದಳೇನೋ, ಎದುರಿಗೆ ನಿಂತು ಇಡೀ ಊರು ಹೀಗೇ ಬೈದಿತ್ತೇನೋ ಅನ್ನಿಸಿತು. "ಯಾವನವನು? ಓಡೋದ್ನಾ?" ಎಂದ, ದನಿ ಸ್ವಲ್ಪ ಇಳಿಸಿ.

ಗಂಗಾದೇವಿ ಮುಖ ತಿರುಗಿಸಿದಳು. ಕಾಶವ್ವನೇ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು. "ಅಪ್ಪಾಸಾಹೇಬ ರೀ. ದಿನಾ ನನ್ನ ರೊಟ್ಟಿ ಉಂಡಾಂವ."

ಅಪ್ಪಾಸಾಹೇಬ ಬಿಜಾಪುರದ ಕಡೆಯವನು, ಮೆಷಿನ್ ಶಾಪಿನಲ್ಲಿ ಕೆಲಸ, ತಿಂಗಳ ಹಿಂದಷ್ಟೇ ಇದೇ ವಠಾರದ ಒಂಟಿ ಕೋಣೆ ಬಿಟ್ಟು ಜಕ್ಕೂರಿನ ಕಡೆ ಹೋಗಿದ್ದ. ಮರುದಿನ ಪಾಳಿ ಮುಗಿಸಿ ಬಸ್ಸಿನಿಂದ ಇಳಿದವನ ಕೊರಳಪಟ್ಟಿಗೆ ಲಕ್ಕಣ್ಣ ಕೈ ಹಾಕಿದ. ಒದೆ ತಿನ್ನುವ ಮೊದಲೇ ಅವನು ಒಪ್ಪಿಕೊಂಡುಬಿಟ್ಟ. "ಮದವಿ ಆಗ್ತೀನ್ರಿ, ಯಾರ ಒಲ್ಲೆ ಅಂದ್ರು? ಕೈ ಬಿಡ್ರಿ ಮೊದಲ." ಅಷ್ಟು ಸುಲಭಕ್ಕೆ ಮುಗಿದದ್ದು ಲಕ್ಕಣ್ಣನಿಗೆ ಸ್ವಲ್ಪ ನಿರಾಸೆಯನ್ನೇ ಮಾಡಿತು. ಬಾಲ್ಯದಿಂದ ತಿಕ್ಕಿ ಇಟ್ಟುಕೊಂಡಿದ್ದ ಮುಷ್ಟಿ ಅದು. ಆದರೂ ಮನೆಗೆ ಬರುವ ದಾರಿಯಲ್ಲಿ ಅವನು ಒಳಗೊಳಗೇ ಹಿಗ್ಗಿದ. ಅವ್ವನ ಪಾಲಿಗೆ ಯಾರೂ ಹಿಡಿದು ತರದವನನ್ನು ಇವಳ ಪಾಲಿಗೆ ನಾನು ಹಿಡಿದು ತಂದೆ ಎಂದುಕೊಂಡ.

ಭಾನುವಾರ ಅಂಗಳ ಸಾರಿಸಿ ಚಾಪೆ ಹಾಸಿದರು. ಲಕ್ಕಣ್ಣ ತಾನೇ ಮಾರ್ಕೆಟ್ಟಿಗೆ ಹೋಗಿ ಎಳೇ ವೀಳ್ಯದೆಲೆಯ ಕಟ್ಟು, ಅಡಿಕೆ, ತೆಂಗಿನಕಾಯಿ, ಸಕ್ಕರೆ ತಂದಿದ್ದ. ವಠಾರದವರೆಲ್ಲ ಬಂದು ಕೂತಿದ್ದರು. ಹರಸಲು ಬಂದ ಮುಖ ಒಂದೂ ಇರಲಿಲ್ಲ. ಪಂಚಪ್ಪ ಮುಂದಿನ ಸಾಲಿನಲ್ಲಿ ಪಂಚಾಯ್ತಿಗೆ ಕೂತವನ ಹಾಗೆ ಚಕ್ಕಳಮಕ್ಕಳ ಹಾಕಿದ್ದ. ಅಪ್ಪಾಸಾಹೇಬ ಒಗೆದ ಅಂಗಿ ತೊಟ್ಟು ತಲೆಗೆ ಎಣ್ಣೆ ಹಚ್ಚಿ ಬಂದು ಕೂತ. ಮುನಿವೆಂಕಟಮ್ಮ ಮಾತ್ರ ತನ್ನ ಹೊಸ್ತಿಲ ಮೇಲೆಯೇ ಉಳಿದಳು. ಶುಭದ ಜಾಗಕ್ಕೆ ಅವಳು ಯಾವತ್ತೂ ಹೋದವಳಲ್ಲ. ಮುತ್ತೈದೆಯರ ಸಾಲಿಗೆ ಸೇರಿಸಲು ಗಂಡನಿಲ್ಲ, ವಿಧವೆಯರ ಸಾಲಿಗೆ ಸೇರಿಸಲು ಸತ್ತ ಗಂಡನೂ ಇಲ್ಲ. ಅವಳಿಗೆಂದು ಯಾವ ಸಾಲೂ ಇರಲಿಲ್ಲ.

ಲಕ್ಕಣ್ಣ ತಟ್ಟೆ ಹಿಡಿದು ಎದ್ದು ನಿಂತ. ಊರಿನ ಹಿರಿಯರು ಕೂಗುತ್ತಿದ್ದ ಅದೇ ರಾಗ ಅವನ ಗಂಟಲಲ್ಲಿ ಬಂತು. ಜೀವಮಾನವಿಡೀ ಅದನ್ನು ಕೇಳಿದ್ದ, ಕೂಗಿದ್ದು ಇದೇ ಮೊದಲು.

"ಬಿಜಾಪುರದ ಬಸಲಿಂಗಪ್ಪನ ಮಗ ಅಪ್ಪಾಸಾಹೇಬನ ವೀಳ್ಯಾ!"

ಅಪ್ಪಾಸಾಹೇಬ ತಗೊಂಡ.

"ಗದಗಿನ ಫಕೀರಪ್ಪನ ಮಗಳು ಗಂಗಾದೇವಿ ವೀಳ್ಯಾ!"

ಗಂಗಾದೇವಿ ಒಳಗಿನಿಂದ ಬಂದಳು. ತಟ್ಟೆಯ ಮುಂದೆ ನಿಂತಳು. ಕೈ ಚಾಚಲಿಲ್ಲ.

"ನಾ ಒಲ್ಲೆ" ಎಂದಳು.

ಕಾಶವ್ವ ಬಾಯಿ ಬಡಿದುಕೊಂಡಳು. ಅಂಗಳದಲ್ಲಿ ಗುಸುಗುಸು ಎದ್ದಿತು. ಲಕ್ಕಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. "ತಗೊಳ್ಳವ್ವ, ನಾಚ್ಕೋಬೇಡ" ಎಂದ.

"ನಾಚಿಕಿ ಅಲ್ರಿ. ಸುದ್ದಿ ಹೇಳಿದ ದಿನ ಇಂವ ನನ್ನ ಮಾರಿ ನೋಡಿ 'ಕೂಸು ನಂದ ಅನ್ನೂದಕ್ಕ ಏನ ಗ್ಯಾರಂಟಿ' ಅಂದಾನ. ಈಗ ನೀವು ಕೊಳ್ಳಪಟ್ಟಿ ಹಿಡದದ್ದಕ್ಕ ಹೂಂ ಅಂದಾನ. ನಾಳೆ ನೀವು ಇರಂಗಿಲ್ರಿ. ಆ ಮಾತು ಮಾತ್ರ ಮನಿಯಾಗ ಇರತೈತಿ. ದಿನಾ ಕೂಸಿನ ಮಾರಿ ನೋಡಿ ಆ ಮಾತು ನೆನಸಾಂವನ ಕೂಡ ನಾ ಬಾಳೇವು ಮಾಡಂಗಿಲ್ಲ. ನಾ ದುಡೀತೀನಿ, ನಾ ಸಾಕ್ತೀನಿ."

ಅಪ್ಪಾಸಾಹೇಬ ಎಲೆಯನ್ನು ಚಾಪೆಯ ಮೇಲಿಟ್ಟ. ಮುಖದ ಮೇಲೆ ಅವಮಾನವಿತ್ತು, ಅದರಡಿ ಬಿಡುಗಡೆಯೂ ಇತ್ತು. "ನೋಡ್ರಿ, ನಂದೇನ ತಪ್ಪಿಲ್ಲ ಇನ್ನ" ಎಂದು ಎದ್ದವನು ಗೇಟು ದಾಟುವವರೆಗೂ ತಿರುಗಿ ನೋಡಲಿಲ್ಲ.

ಲಕ್ಕಣ್ಣನಿಗೆ ನೆತ್ತಿಗೇರಿತು. ಅವನ ಕನಿಕರಕ್ಕೆ ಒಂದು ಷರತ್ತಿತ್ತು, ಅದು ಅವನಿಗೇ ಅದುವರೆಗೆ ಗೊತ್ತಿರಲಿಲ್ಲ. ಕನಿಕರ ಬೇಕಾದವಳು ಮೋಸ ಹೋಗಿರಬೇಕು, ಬಿದ್ದಿರಬೇಕು, ಎತ್ತುವ ಕೈಗಾಗಿ ಕಾಯುತ್ತಿರಬೇಕು. ಇವಳು ಎದ್ದು ನಿಂತು ಬೇಡ ಅನ್ನುತ್ತಿದ್ದಾಳೆ!

"ನಿಂಗೆ ಬ್ಯಾಡ್ದಿದ್ರೆ ಬ್ಯಾಡ. ಒಟ್ಟೆಯಾಗಿರೋದನ್ನ ಕೇಳ್ದ್ಯಾ ನೀನು?" ಎಂದು ಕಿರುಚಿದ. "ಅಪ್ಪ ಅನ್ನೋನು ಬಂದು ಕುಂತಿದ್ದ, ನಿನ್ನ ಕೊಬ್ಬಿಗೆ ಅವನ್ನ ಓಡಿಸ್ದೆ. ಅದು ಏನ್ ಪಾಪ ಮಾಡಿತ್ತು? ನಾಳೆ ಅದು ಚಪ್ಲಿ ಬಿಡೋ ತಾವ ಬಗ್ಗಿ ಎಲೆ ಆಯ್ಕೋಬೇಕಾ? ನಿನ್ನಂಥೋಳು ತಾಯಿಯೇನೇ?"

"ಆಣಿ ಇಟ್ಟೀರಿ, ಲಕ್ಕಣ್ಣಾರ" ಎಂದ ಪಂಚಪ್ಪ, ಮೆಲ್ಲಗೆ.

ಆಣೆ ಇಟ್ಟಿದ್ದ. ಲಕ್ಕಣ್ಣ ಮೂಲೆಮನೆಗೆ ನುಗ್ಗಿದ. ರೊಟ್ಟಿ ಬಡಿಯುವ ಕೊಣಮಿಗೆ ತಂದು ಅಂಗಳಕ್ಕೆ ಹಾಕಿದ, ಹೆಂಚು ತಂದು ಹಾಕಿದ, ಜೋಳದ ಚೀಲ ದರದರ ಎಳೆದು ತಂದ. ಕಾಶವ್ವ ಅವನ ಕಾಲು ಹಿಡಿದಳು, ಕೊಡವಿಕೊಂಡ. ವಠಾರ ಸುಮ್ಮನೆ ನೋಡಿತು. ಸುಮ್ಮನೆ ಏಕೆ, ಸುಖವಾಗಿಯೇ ನೋಡಿತು. ಪಂಚಪ್ಪನಂತೂ ಪೇಪರು ಪಕ್ಕಕ್ಕಿಟ್ಟು, ಒಳಗೆ ಹೋಗಿ ಅವರ ಟ್ರಂಕನ್ನು ತಾನೇ ಹೊತ್ತು ತಂದು ಇಳಿಸಿದ. ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಇನ್ನೊಬ್ಬರ ಭಾರ ಹೊತ್ತದ್ದನ್ನು ಯಾರೂ ಕಂಡಿರಲಿಲ್ಲ.

ಆಗ ಮುನಿವೆಂಕಟಮ್ಮ ಹೊಸ್ತಿಲು ಬಿಟ್ಟು ಎದ್ದಳು. ಮಂಡಿ ಹಿಡಿದುಕೊಂಡು ಅಂಗಳ ದಾಟಿ ಬಂದು, ಆ ಟ್ರಂಕಿನ ಮೇಲೆ ಕೂತಳು.

"ಎದ್ದೇಳವ್ವ" ಎಂದ ಲಕ್ಕಣ್ಣ.

"ನಿಮ್ಮಪ್ಪ ಓಡೋಗ್ಲಿಲ್ಲ ಕಣೋ" ಎಂದಳು ಮುನಿವೆಂಕಟಮ್ಮ. "ನಾನೇ ಕಳಿಸ್ದೆ."

ಲಕ್ಕಣ್ಣನ ಕೈಯಲ್ಲಿ ಒಲೆಯ ಊದುಕೊಳವೆ ಇತ್ತು. ಅದು ಕೈಯಲ್ಲೇ ಉಳಿಯಿತು.

"ಇಬ್ರು ದೊಡ್ಡವರ್ನ ಕರ್ಕೊಂಡು ಬಂದಿದ್ದ. ನಮ್ಮಪ್ಪನ ಅಂಗಳ್ದಾಗೆ, ಇಂಗೇ ಚಾಪೆ ಆಸಿ, ಇಂಗೇ ತಟ್ಟೆ ಇಟ್ಟಿದ್ರು. ನಮ್ಮಪ್ಪ ಒಪ್ಪಿದ್ದ. ನಾನು ತಗೊಳ್ಲಿಲ್ಲ. ಮಾನ ಓಗ್ತದೆ ಅಂತ ನಮ್ಮಪ್ಪ ಊರಿಗೆಲ್ಲ ಅವನೇ ಓಡೋದ ಅಂತ ಏಳ್ದ."

"ಯಾಕೆ?" ಎಂದ ಲಕ್ಕಣ್ಣ.

"ಅದಕ್ಕೆ ನಾಕು ದಿನ ಮುಂಚೆ ಏರಿ ತಾವ ಬುತ್ತಿ ತಗೊಂಡ್ ಓಗಿದ್ದೆ. ಕಲ್ಲು ತುಂಬಿದ ಗಾಡಿ, ಎತ್ತು ಮಂಡಿ ಊರ್ತು. ಎಬ್ಬಿಸಾಕೆ ನಿಮ್ಮಪ್ಪ ಅದರ ಬಾಲ ಕಚ್ದ. ಗಾಡಿಯವರೆಲ್ಲ ಕಚ್ತಾರೆ, ಅದೇನ್ ಒಸದಲ್ಲ ಬಿಡು. ಎತ್ತು ಎದ್ತು. ಎದ್ದ್ ಮೇಲೂ ಇವನು ಬಿಡ್ಲಿಲ್ಲ ಕಣೋ. ಅದು ಒದ್ದಾಡ್ತಾ ಇತ್ತು, ಇವನು ಕಚ್ಕೊಂಡೇ ಇದ್ದ. ಆಮೇಲೆ ಬಾಯೆಲ್ಲಾ ರಕ್ತ ಮಾಡ್ಕೊಂಡು ನನ್ ಕಡೀಕೆ ತಿರುಗಿ ನಕ್ಕ, ಎಂಗೆ ನಾನು ಅಂತ. ನೀನು ಆಗ ನನ್ ಒಟ್ಟೆಯಾಗಿದ್ದೆ. ಇಂಗೆ ಕಚ್ಚೋ ಅಲ್ಲಿನೋನ ಕೈಗೆ ನನ್ ಮಗೀನ ಕೊಡಾಕಿಲ್ಲ ಅಂದ್ಕೊಂಡೆ."

ಜಕ್ಕೂರಿನ ಕಡೆಯಿಂದ ಒಂದು ಪುಟ್ಟ ವಿಮಾನ ಗುಯ್‌ಗುಟ್ಟುತ್ತ ತಲೆಯ ಮೇಲೆ ಹೋಯಿತು. ಮಾಮೂಲಾಗಿ ಆಕಾಶ ನೋಡುವ ಮಕ್ಕಳೂ ಅವತ್ತು ಮುದುಕಿಯನ್ನೇ ನೋಡುತ್ತಿದ್ದವು.

ಲಕ್ಕಣ್ಣನ ಒಳಗೆ ಏನೋ ಕುಸಿಯಿತು. ಆ ಜಾಗದಲ್ಲಿ ಎದ್ದದ್ದು ಕನಿಕರವಲ್ಲ, ಶುದ್ಧ ದ್ವೇಷ. ಅವಳಿಗೆ ದಾರಿ ಇತ್ತು. ಒಂದು ಎಲೆಗೆ ಕೈ ಚಾಚಿದ್ದರೆ ಸಾಕಿತ್ತು. ಅಪ್ಪನ ಹೆಸರು, ವೀಳ್ಯ, ಹೆಂಡತಿ, ಮಕ್ಕಳು, ಎಲ್ಲವೂ ಆ ಎಲೆಯ ಆಚೆ ಇದ್ದವು. ಇವಳು ಬೇಡ ಅಂದಳು.

"ನೀನು ಬ್ಯಾಡ ಅಂದೆ" ಎಂದ. "ನೀನ್ ಬ್ಯಾಡ ಅಂದಿದ್ದಕ್ಕೆ ಚಪ್ಲಿ ಮಧ್ಯೆ ಬಗ್ಗಿದೋನು ನಾನು."

"ಊಂ. ನೀನೇ ಬಗ್ಗಿದ್ದು."

"ಒಂದ್ ಎಣ್ಣು ಕೊಡ್ಲಿಲ್ಲ ನಂಗೆ."

"ಊಂ, ಕೊಡ್ಲಿಲ್ಲ. ಅಪ್ಪ ಇದ್ದಿದ್ರೆ ವೀಳ್ಯ ಸಿಕ್ತಿತ್ತು, ಎಣ್ಣೂ ಸಿಕ್ತಿತ್ತು. ಆ ಕಚ್ಚೋ ಅಲ್ಲೂ ಸಿಕ್ತಿತ್ತು. ಯಾವ್ದು ಎಚ್ಚು ಅಂತ ನಂಗ್ ಆಗ್ಲೂ ಗೊತ್ತಿರ್ಲಿಲ್ಲ, ಈಗ್ಲೂ ಗೊತ್ತಿಲ್ಲ."

"ಇಷ್ಟ್ ವರ್ಷ ಯಾಕೆ ಏಳ್ಲಿಲ್ಲ? ಪಾಪ ಅವ್ವ, ಪಾಪ ಅವ್ವ ಅಂತ ನಾನು ಸಾಯ್ತಿದ್ನಲ್ಲ, ಬಾಯ್ ಮುಚ್ಕೊಂಡು ಕುಂತಿದ್ಯಲ್ಲ!"

ಮುದುಕಿಯ ಮುಖ ಮೊದಲ ಸಲ ಅಲುಗಿತು. "ಇಡೀ ಊರಾಗೆ ನನ್ನ ಮೇಲೆ ಕನಿಕರ ಇಟ್ಕೊಂಡಿದ್ದೋನು ನೀನೊಬ್ನೇ ಕಣೋ. ನಾನಾಗೇ ಬ್ಯಾಡ ಅಂದೆ ಅಂತ ಗೊತ್ತಾದ್ರೆ ಅದೂ ಓಗ್ತಿತ್ತು. ಅದಕ್ಕೇ ಏಳ್ಲಿಲ್ಲ. ಇವತ್ತು ಓಗ್ಲಿ ಬಿಡು. ಈ ಮಗೀನ ಸಾಮಾನು ಒಳಿಕ್ಕಿಡು."

"ಆಣಿ ಅಂದ್ರ ಆಣಿ" ಎಂದ ಪಂಚಪ್ಪ. ಅವನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದ ಸಂಕಟ. "ತಾಯಿ ಮ್ಯಾಲೆ ಇಟ್ಟ ಆಣಿ ತಪ್ಪಿದ್ರ ಏನಾಗತೈತಿ ಗೊತ್ತಲ್ರಿ?"

ಮುನಿವೆಂಕಟಮ್ಮ ಅವನ ಕಡೆ ತಿರುಗಿದಳು. "ನನ್ನ ಮೇಲೆ ತಾನೆ ಇಟ್ಟಿರೋದು? ಸತ್ರೆ ನಾನ್ ಸಾಯ್ತೀನಿ, ನಿಂಗೇನಯ್ಯಾ? ನೀನೇನ್ ಎಣ ಒರೋಕೆ ಬರೋನಾ?" ಮತ್ತೆ ಮಗನಿಗೆ, "ನನ್ ಆಯಸ್ಸು ಮುಗೀತಾ ಬಂತು, ನೀನು ಮುರಿಯೋ ಆಣೆಯ" ಎಂದಳು.

ಲಕ್ಕಣ್ಣ ಆ ಅಂಗಳದಲ್ಲಿ ನಿಂತೇ ಇದ್ದ. ಈ ಕಡೆ ಟ್ರಂಕಿನ ಮೇಲೆ ಅವ್ವ, ಆ ಕಡೆ ಗೋಡೆಗೆ ಒರಗಿದ ಹುಡುಗಿ. ಇಬ್ಬರ ಮೇಲೂ ಅವನಿಗೆ ಕೆಂಡದಂಥ ಸಿಟ್ಟು. ಇಬ್ಬರೂ ಅವನನ್ನು ಕೇಳದೆ, ಹುಟ್ಟದ ಜೀವದ ಪರವಾಗಿ ತೀರ್ಮಾನ ಮಾಡಿಬಿಟ್ಟವರು. ಆದರೆ ಆ ಎತ್ತು ಅವನ ಕಣ್ಣ ಮುಂದಿನಿಂದ ಹೋಗಲಿಲ್ಲ. ಎದ್ದು ನಿಂತ ಮೇಲೂ ಬಾಲ ಬಿಡಿಸಿಕೊಳ್ಳಲಾರದ ಎತ್ತು. ಗಂಗಾದೇವಿ ಎದ್ದು ನಿಂತಿದ್ದಾಳೆ, ತಾನಿನ್ನೂ ಬಿಟ್ಟಿಲ್ಲ ಎಂದು ಅವನಿಗೆ ಹೊಳೆಯಿತು. ಬಾಯಲ್ಲಿ ರಕ್ತದ ರುಚಿ ಬಂದಂತಾಗಿ ನೆಲಕ್ಕೆ ಉಗಿದ.

ಆಮೇಲೆ ಜೋಳದ ಚೀಲ ಹೆಗಲಿಗೇರಿಸಿ ಒಳಕ್ಕೆ ಹೊತ್ತುಹೋದ. ಹೆಂಚು, ಕೊಣಮಿಗೆ ಎತ್ತಿಕೊಂಡು ಹೋದ. ಟ್ರಂಕಿನ ಹತ್ತಿರ ಬಂದು ಅವ್ವನ ಮುಖ ನೋಡದೆ "ಏಳು" ಎಂದ. ಪಂಚಪ್ಪನಿಗೆ, "ನೀನು ತಂದಿದ್ದಲ್ವಾ? ನೀನೇ ತಗೊಂಡೋಗಿ ಇದ್ದ ತಾವ ಇಡು" ಎಂದ.

"ನಾ ಯಾಕ ಇಡ್ಲಿ? ನಾವು ಮನಿ ಬಿಡ್ತೀವಿ."

"ಬಿಡು. ನಿನ್ ಎಂಡ್ತಿ ಮುಟ್ಟಿದ ಕೊಡ ತೊಳೀದೇ ಇರೋ ಬೀದಿ ಉಡುಕ್ಕೊಂಡು ಓಗು. ಮೊದ್ಲು ಟ್ರಂಕು ಇಡು."

ಪಂಚಪ್ಪನ ಹೆಂಡತಿ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ಕಂಡು ಲಕ್ಕಣ್ಣನಿಗೆ ತಾನು ಆಡಿದ ಮಾತಿಗೆ ಅಸಹ್ಯವಾಯಿತು, ಆದರೆ ಆಡಿದ್ದಾಗಿತ್ತು. ಪಂಚಪ್ಪ ಟ್ರಂಕು ಹೊತ್ತು ಒಳಗಿಟ್ಟ. ತಿಂಗಳು ತುಂಬುವ ಮೊದಲೇ ಅವನೂ ಅವನ ಹಿಂದೆ ಇನ್ನಿಬ್ಬರೂ ಮನೆ ಖಾಲಿ ಮಾಡಿದರು. ಆ ಹೆಂಗಸು ಹೋಗುವ ದಿನ ಬಾವಿಯ ಹಗ್ಗವನ್ನು ಸುತ್ತಿ, ಕಾಶವ್ವನ ಬಾಗಿಲಿಗೆ ಒರಗಿಸಿಟ್ಟು ಹೋದಳಂತೆ. ಯಾಕೋ ಅವಳಿಗೇ ಗೊತ್ತು.

ಮುದುಕಿ ಸಾಯಲಿಲ್ಲ. ಆಣೆ ಮುರಿದರೂ ಗುಂಡುಕಲ್ಲಿನ ಹಾಗೆ ಇದ್ದಳು. ಆದರೆ ಮಗ ಮಾತು ಬಿಟ್ಟ. ತಟ್ಟೆ ತಂದು ಮುಂದೆ ಕುಕ್ಕುತ್ತಿದ್ದ, ಹೋಗುತ್ತಿದ್ದ. ಕುಟ್ಟಾಣಿ ಗೂಡಿನಲ್ಲಿ ಧೂಳು ಹಿಡಿಯಿತು. ಎಲೆ ಅಡಿಕೆಯಿಲ್ಲದೆ ಮುದುಕಿ ಬರಿದೇ ಬಾಯಿ ಆಡಿಸುತ್ತ ಕೂರುತ್ತಿದ್ದಳು, ಕೊಡು ಎಂದು ಒಂದು ದಿನವೂ ಕೇಳಲಿಲ್ಲ. ಹಟಕ್ಕೆ ಹಟ. ಗಂಗಾದೇವಿಗೆ ಮಾತ್ರ ಅವನು ಹಿಂದಿನಂತೆಯೇ ಬೈಯುತ್ತಿದ್ದ. ಹೊಟ್ಟೆ ಹೊತ್ತುಕೊಂಡು ಯಶವಂತಪುರಕ್ಕೆ ನೇತಾಡಿಕೊಂಡು ಹೋಗ್ತೀಯಲ್ಲ, ಬುದ್ಧಿ ಇದೆಯಾ ಎಂದು ಬೈದು, ಬಸ್ ಸ್ಟಾಪಿನ ತನಕ ಅವಳ ಹಿಂದೆ ಹತ್ತು ಮಾರು ದೂರದಲ್ಲಿ ನಡೆದು ಹೋಗಿ ಬರುತ್ತಿದ್ದ.

ಹೆಣ್ಣು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕಾಶವ್ವ ಗುಗ್ಗರಿ ಬೇಯಿಸಿ, ಕೂಸಿಗೆ ತನ್ನ ತಾಯಿಯ ಹೆಸರು, ಸಂಗವ್ವ ಎಂದು ಕಿವಿಯಲ್ಲಿ ಕೂಗಿದಳು. ಬಂದವರು ಕೆಲವೇ ಜನ. ಮುನಿವೆಂಕಟಮ್ಮ ಎಂದಿನಂತೆ ದೂರದಲ್ಲಿ, ತನ್ನ ಹೊಸ್ತಿಲ ಮೇಲೆ. ಲಕ್ಕಣ್ಣ ಹಿತ್ತಾಳೆ ತಟ್ಟೆ ಹಿಡಿದು ಬಂದ. ಯಾರೂ ಅವನನ್ನು ಕೇಳಿಕೊಂಡಿರಲಿಲ್ಲ.

"ದೇವರ ವೀಳ್ಯಾ!" ಎಂದು ಎರಡು ಎಲೆ ದೀಪದ ಮುಂದಿಟ್ಟ.

"ಗಂಗಾದೇವಿ ಮಗಳು ಸಂಗವ್ವನ ವೀಳ್ಯಾ!"

ಗಂಗಾದೇವಿ ಎರಡೂ ಕೈ ಚಾಚಿದಳು. ಅವನು ಅವಳ ಕೈ ಮುಟ್ಟದಂತೆ ಎಲೆ ಇಟ್ಟು ಮುಂದೆ ಹೋದ. ಅಂಗಳ ದಾಟಿದ. ಅವ್ವನ ಹೊಸ್ತಿಲ ಮುಂದೆ ನಿಂತ. ಅವಳ ಮುಖ ನೋಡಲಿಲ್ಲ, ಅವಳ ತಲೆಯ ಮೇಲಿದ್ದ ಗೋಡೆಯನ್ನು ನೋಡಿದ. ಇಡೀ ವಠಾರಕ್ಕೆ, ಕೆರೆಯಾಚೆಯ ಊರಿಗೂ ಕೇಳಲಿ ಅನ್ನುವ ಹಾಗೆ ಕೂಗಿದ.

"ಚಿಕ್ಕಬೈರಪ್ಪನ ಮಗಳು ಮುನಿವೆಂಕಟಮ್ಮನ ವೀಳ್ಯಾ!"

ಆ ಹೆಸರನ್ನು ಜೀವಮಾನದಲ್ಲಿ ಯಾರೂ ಹಾಗೆ ಕೂಗಿರಲಿಲ್ಲ. ಮುದುಕಿ ಎರಡೂ ಕೈ ಚಾಚಿದಳು. ಎಲೆ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಮಾಪಿ ಮಾಡ್ದೆ ಅಂದ್ಕೋಬೇಡ" ಎಂದ ಲಕ್ಕಣ್ಣ, ಹಲ್ಲು ಕಚ್ಚಿ. "ಮಾಡಿಲ್ಲ. ಮಾಡೋದೂ ಇಲ್ಲ."

"ನಿನ್ ಮಾಪಿ ಯಾವಳ್ ಕೇಳಿದ್ಲು?" ಎಂದಳು ಮುನಿವೆಂಕಟಮ್ಮ. ಕಣ್ಣು ತುಂಬಿತ್ತು, ದನಿ ಮಾತ್ರ ಎಂದಿನದೇ. "ಬಾಯಾಗೆ ಅಲ್ಲಿಲ್ದೋಳ್ಗೆ ಗೋಟಡಿಕೆ ಕೊಟ್ರೆ ಏನ್ ಮಾಡ್ಲಿ? ಕುಟ್ಟಿ ಕೊಡು."

ಲಕ್ಕಣ್ಣ ಗೂಡಿನಿಂದ ಕುಟ್ಟಾಣಿ ತೆಗೆದ. ಧೂಳನ್ನು ಪಂಚೆಯ ಚುಂಗಿನಿಂದ ಒರೆಸಿದ. ಹೊಸ್ತಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಅವಳನ್ನು ಬೈಯುತ್ತ, ಎಲೆ ಅಡಿಕೆ ಹಾಕಿ ಕುಟ್ಟತೊಡಗಿದ. ಅವನು ಕುಟ್ಟಿದ ಸಿಟ್ಟಿಗೆ ಆ ಕಡೆ ತೊಟ್ಟಿಲಲ್ಲಿ ಕೂಸು ಬೆಚ್ಚಿ ಅಳತೊಡಗಿತು. ಅಡಿಕೆ ನುಣ್ಣಗಾಗಿ ಹೋಗಿದ್ದರೂ ಅವನು ನಿಲ್ಲಿಸಲಿಲ್ಲ. ಅವ್ವ ಅಂಗೈ ಚಾಚಿಕೊಂಡು ಕಾದಳು.